ಬ್ರೇಕ್ ಮೇಡಂ ಕಂಡ ಮಗು

ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವಳು ಆಕೆ. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಬ್ರೇಕ್ ಮೇಡಂ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನ ಕಾಲಡಿಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲಿಂದ ಆಕೆಯ ಪಾದ ಕದಲಿದ್ದನ್ನು ಕಂಡವರಿಲ್ಲ. ಕಲಿಯುವವರು ಎದುರಿನ ಸೈಕಲ್ಲನ್ನು ಗಮನಿಸುವಷ್ಟರಲ್ಲಿ ಕಾರು ಗಕ್ಕನೆ ನಿಂತು ಅವರ ಹಲ್ಲಿಗೆ ಹಲ್ಲು ಬಡಿದಿರುತ್ತಿತ್ತು. "ರಸ್ತೆ ನೋಡೋದು ಕಣ್ಣಲ್ಲ, ಕತ್ತು. ಕತ್ತು ತಿರುಗ್ಸಿ," ಎನ್ನುತ್ತಿದ್ದಳು. ಮೇಡಂಗೆ ಬೆನ್ನಲ್ಲೂ ಕಣ್ಣಿದೆ ಎಂದು ಶಿಷ್ಯರು ತಮಾಷೆ ಮಾಡುತ್ತಿದ್ದರು.

ನಿಜ ಹೇಳಬೇಕೆಂದರೆ ಆಕೆಗಿದ್ದದ್ದು ಒಂದೇ ಕಣ್ಣು. ಬಲಗಣ್ಣು ಹುಟ್ಟಿನಿಂದಲೇ ಮಂದ. ಬೆಳಕು, ಬಣ್ಣ, ದೊಡ್ಡ ಆಕಾರಗಳು ತಿಳಿಯುವಷ್ಟು ಕಾಣುತ್ತಿತ್ತು, ಅಷ್ಟೆ. ಎಡಗಣ್ಣೇ ಇಬ್ಬರ ದುಡಿಮೆ ದುಡಿಯುತ್ತಿತ್ತು. ಕತ್ತು ತಿರುಗಿಸುವ ಪಾಠವನ್ನು ಆಕೆ ಮೊದಲು ಹೇಳಿಕೊಂಡದ್ದು ತನಗೇ. ಲೈಸೆನ್ಸ್ ಕೊಡುವಾಗ ಎರಡೂ ಕಣ್ಣು ತೆರೆದುಕೊಂಡೇ ಬೋರ್ಡು ಓದಿಸುತ್ತಿದ್ದ ಕಾಲ ಅದು, ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಗೊತ್ತಿದ್ದದ್ದು ಗಂಡನಿಗೆ ಮಾತ್ರ.

ಗಂಡ ಸೋಫಾ, ಕುರ್ಚಿಗಳಿಗೆ ಕುಶನ್ ಹಾಕುವ ಕೆಲಸದವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಫೋಮಿನ ಹಾಳೆಗಳು, ರೆಕ್ಸಿನ್ ಸುರುಳಿಗಳು, ಹೊಟ್ಟೆ ಬಿಚ್ಚಿಕೊಂಡು ಬಿದ್ದ ಯಾರದೋ ಮನೆಯ ಸೋಫಾ. ಸಣ್ಣ ಮೊಳೆಗಳನ್ನು ತುಟಿಯಲ್ಲಿ ಕಚ್ಚಿ ಒಂದೊಂದಾಗಿ ತೆಗೆದು ಬಡಿಯುವ ಅಭ್ಯಾಸವಾದ್ದರಿಂದ ಆತನ ಮಾತು ಯಾವಾಗಲೂ ಕಡಿಮೆ. ಇದ್ದ ಒಬ್ಬ ಮಗಳು ಮದುವೆಯಾಗಿ ಬೇರೆ ಊರು ಸೇರಿದ್ದಳು. ಮನೆಯಲ್ಲಿ ಇಬ್ಬರೇ. ಹಿಂದಿನ ವರ್ಷ ಆಕೆಯ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದ ಮೇಲೆ, ರಕ್ತ ತೆಳುವಾಗಿಸುವ ಮಾತ್ರೆಯನ್ನೂ ಬಿಪಿ ಮಾತ್ರೆಯನ್ನೂ ದಿನಾ ಬೆಳಿಗ್ಗೆ ಆತನೇ ಅಂಗೈಯಲ್ಲಿಟ್ಟು ಕೊಡುತ್ತಿದ್ದ. ಇಲ್ಲದಿದ್ದರೆ ಆಕೆ ಮರೆಯುತ್ತಿದ್ದಳು, ಅಥವಾ ಮರೆತಂತೆ ಮಾಡುತ್ತಿದ್ದಳು. ಮಂಡಿನೋವಿಗೆ ಮಾತ್ರ ಆಕೆ ಮೆಡಿಕಲ್ ಸ್ಟೋರಿನಿಂದ ತಾನೇ ತಂದ ನೋವಿನ ಮಾತ್ರೆ ನುಂಗುತ್ತಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ.

ಮೊದಲು ಎಡವಟ್ಟಾದದ್ದು ದೀಪದ ಕಂಬ. ಶಾಲೆಯ ಹಿಂದಿನ ಮೈದಾನದಲ್ಲಿ ರಿವರ್ಸ್ ಕಲಿಸುವಾಗ ಎದುರಿನ ಕಂಬ ನಡುವಿನಲ್ಲಿ ಸೊಟ್ಟಗಾಗಿ, ಯಾರೋ ಹಿಂಡಿದ ಬಟ್ಟೆಯ ಹಾಗೆ ಕಂಡಿತು. ಲಾರಿ ಗುದ್ದಿರಬೇಕು ಅಂದುಕೊಂಡಳು. ಮರುದಿನ ಮನೆಯ ಬಾಗಿಲಿನ ಚೌಕಟ್ಟೂ ಹಾಗೇ ಕಂಡಾಗ ಬಾಗಿಲಿಗೆ ಲಾರಿ ಗುದ್ದಿರಲಾರದು ಎಂದು ಹೊಳೆಯಿತು. ಕನ್ನಡಕ ಬದಲಾಯಿಸಿದಳು. ಕನ್ನಡಕದ ಅಂಗಡಿಯವನು ಕಣ್ಣಿನ ಆಸ್ಪತ್ರೆಗೆ ಹೋಗಿ ಎಂದ.

ರೆಟಿನಾ ಡಾಕ್ಟರು ಆಕೆಯದೇ ಹಳೆಯ ಶಿಷ್ಯೆ. ಕಲಿಯುವಾಗ ಒಮ್ಮೆ ಆಸ್ಪತ್ರೆಯ ಕಾಂಪೌಂಡಿಗೇ ಕಾರು ನುಗ್ಗಿಸಿದ್ದ ಹುಡುಗಿ. ಈಗ ಬಿಳಿ ಕೋಟು ಹಾಕಿಕೊಂಡು, ಕೈಗೆ ಬಣ್ಣದ ಔಷಧಿ ಚುಚ್ಚಿ, ಕಣ್ಣಿನ ಒಳಗಿನ ಫೋಟೊ ತೆಗೆಸಿ ಪರದೆಯ ಮೇಲೆ ತೋರಿಸಿದರು. ರೆಟಿನಾ ಅಂದರೆ ಕಣ್ಣಿನ ಒಳಗೋಡೆಗೆ ಅಂಟಿಸಿದ ತೆಳು ಪರದೆ, ಅದರ ಹಿಂದೆ ರಕ್ತನಾಳಗಳದ್ದೇ ಒಂದು ಪದರ ಇರುತ್ತದೆ, ನಿಮ್ಮದರಲ್ಲಿ ಆ ನಾಳಗಳ ತುದಿ ಊದಿಕೊಂಡು ದ್ರಾಕ್ಷಿ ಗೊಂಚಲಿನ ಹಾಗಾಗಿದೆ, ಅದು ಒಡೆದರೆ ಪರದೆಯ ಕೆಳಗೆ ರಕ್ತ ತುಂಬುತ್ತದೆ ಎಂದರು. ತಿಂಗಳಿಗೊಂದು ಇಂಜೆಕ್ಷನ್, ಕಣ್ಣಿಗೇ. ಬಿಪಿ ಹತೋಟಿಯಲ್ಲಿರಬೇಕು. ಬೇರೆ ಏನು ಮಾತ್ರೆ ತಗೋತೀರಿ ಎಂದು ಕೇಳಿದಾಗ ಆಕೆ ಗಂಡ ಕೊಡುವ ಎರಡನ್ನು ಹೇಳಿ, ಮಂಡಿಯದನ್ನು ಬಿಟ್ಟಳು.

ಕೆಲವು ಇಂಜೆಕ್ಷನ್ ಆಗುವಷ್ಟರಲ್ಲಿ ಕಂಬ ನೆಟ್ಟಗಾಯಿತು. ನೆಟ್ಟಗಾದ ಮೇಲೆ ಮತ್ತೇಕೆ ಚುಚ್ಚಿಸಿಕೊಳ್ಳುವುದು? ಆಸ್ಪತ್ರೆಯಿಂದ ಫೋನ್ ಬಂದಾಗಲೆಲ್ಲ ಮುಂದಿನ ವಾರ ಬರುತ್ತೇನೆ ಎನ್ನುತ್ತಿದ್ದಳು. ಚಳಿ ಕಳೆದು ಬಿಸಿಲು ಬಂದರೂ ಆ ಮುಂದಿನ ವಾರ ಬರಲಿಲ್ಲ.

ಆ ದಿನ ಸಂಜೆಗೆ ಇನ್ನೂ ಹೊತ್ತಿತ್ತು. ಕೊನೆಯ ಶಿಷ್ಯನನ್ನು ಅವನ ಆಫೀಸಿನ ಹತ್ತಿರ ಇಳಿಸಿ, ಸ್ಟಿಯರಿಂಗಿನ ಹಿಂದೆ ತಾನೇ ಕುಳಿತು ಗೋಡೌನುಗಳ ಬೀದಿಯಿಂದ ಮನೆಗೆ ಹೊರಟಿದ್ದಳು. ಸಂದಣಿಯಿಲ್ಲದ ಬೀದಿ ಅದು. ಎರಡೂ ಕಡೆ ಇಳಿಸಿದ ಶಟರುಗಳು, ನಡುವೆ ಒಂದೆರಡು ಸಣ್ಣ ಅಂಗಡಿ. ಬೀದಿಯ ನಡುಭಾಗಕ್ಕೆ ಬಂದಾಗ ಎಡಗಣ್ಣಿನ ನಟ್ಟನಡುವೆ ಏನೋ ಕದಡಿತು. ನೀರಿನ ಲೋಟಕ್ಕೆ ಶಾಯಿ ಸುರಿದ ಹಾಗೆ ಕಪ್ಪು ಹರಡುತ್ತ ಬಂತು. ನೋವಿಲ್ಲ, ಸದ್ದಿಲ್ಲ. ರಸ್ತೆಯ ಮಧ್ಯ ಮಾಯವಾಗಿ ಅಂಚುಗಳು ಮಾತ್ರ ಉಳಿದವು. ಆ ಅಂಚಿನಲ್ಲಿ ಹಳದಿಯದೇನೋ, ಗಿಡ್ಡನೆಯದು, ಸರಿದಂತಾಯಿತು. ಧಬ್ ಎಂಬ ಸದ್ದು. ಗಟ್ಟಿ ಸದ್ದಲ್ಲ, ಮೆತ್ತನೆಯದು.

ಕಾಲು ತಾನಾಗಿ ಬ್ರೇಕ್ ಒತ್ತಿತ್ತು. ಇಳಿದು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದಳು. ಎಲ್ಲಿ ನೋಡಿದರೆ ಅಲ್ಲೇ ಕಪ್ಪು ಕಲೆ ಬಂದು ಕೂರುತ್ತಿತ್ತು, ನೊಣದಂತೆ ಓಡಿಸಿದರೂ ಹೋಗದು. ಶಟರುಗಳನ್ನು ನೋಡಿದಳು, ಮೋರಿಯ ಕಡೆ ನೋಡಿದಳು, ತೆರೆದಿದ್ದ ಒಂದು ಬಾಗಿಲಿನ ನೆರಳಿನ ಕಡೆ ನಿಂತು ನೋಡಿದಳು. ಯಾರೂ ಇಲ್ಲ. ಬಗ್ಗಿ ಕಾರಿನ ಕೆಳಗೆ ನೋಡಿದಳು. ಅಲ್ಲೂ ಏನೂ ಇಲ್ಲ. ಬೀದಿಯೆಲ್ಲ ಉಸಿರು ಬಿಗಿಹಿಡಿದು ತನ್ನನ್ನೇ ನೋಡುತ್ತಿರುವಂತೆ ಅನ್ನಿಸಿ, ಮತ್ತೆ ಕಾರು ಹತ್ತಿ, ನಡಿಗೆಯ ವೇಗದಲ್ಲಿ ಮನೆ ತಲುಪಿದಳು. ಗಂಡನಿಗೆ ಕಣ್ಣಿನ ವಿಷಯ ಹೇಳಿದಳು. ಸದ್ದಿನ ವಿಷಯ ಹೇಳಲಿಲ್ಲ.

ಅಂದೇ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಬಹಳ ಹೊತ್ತು ದೀಪ ಹಿಡಿದು ನೋಡಿ ಕುರ್ಚಿ ಹಿಂದಕ್ಕೆ ಸರಿಸಿದರು.

"ಒಡೆದಿದೆ, ಮೇಡಂ. ದೃಷ್ಟಿಯ ನಡುಭಾಗದ ಕೆಳಗೇ ರಕ್ತ ತುಂಬಿದೆ."

"ಯಾಕೆ ಒಡೀತು?"

ಒಂದೇ ಕಾರಣ ಅಂತ ಬೆರಳು ಮಾಡಿ ತೋರಿಸಕ್ಕಾಗಲ್ಲ ಎಂದು ಡಾಕ್ಟರು ಶುರುಮಾಡಿದರು. ಗೊಂಚಲು ದೊಡ್ಡದಿತ್ತು. ದೊಡ್ಡದಿದ್ದಷ್ಟೂ ಅಪಾಯ ಹೆಚ್ಚು. ವಯಸ್ಸಿದೆ. ಇವತ್ತು ಬಿಪಿ ನೋಡಿದರೆ ತಲೆ ತಿರುಗುವಷ್ಟಿದೆ. ರಕ್ತ ತೆಳುವಾಗಿಸುವ ಮಾತ್ರೆಯಿಂದ ನಾಳ ಒಡೆಯುತ್ತದೆ ಅಂತಲ್ಲ, ಆದರೆ ಒಡೆದಾಗ ಹರಿಯುವುದು ಬೇಗ ನಿಲ್ಲುವುದಿಲ್ಲ. ಇಂಜೆಕ್ಷನ್ ನಿಂತು ಬಹಳ ತಿಂಗಳಾಯಿತು. ನೋವಿನ ಮಾತ್ರೆ ಏನಾದರೂ ತಗೋತೀರಾ ಎಂದು ಮತ್ತೆ ಕೇಳಿದರು. ಈ ಸಲ ಆಕೆ ಹೌದೆಂದು ತಲೆ ಆಡಿಸಿದಳು. ಗೋಡೆಗೆ ಒರಗಿ ನಿಂತಿದ್ದ ಗಂಡ ಆಕೆಯ ಕಡೆ ತಿರುಗಿ ನೋಡಿದ.

"ಇದ್ರಲ್ಲಿ ನನ್ನ ತಪ್ಪು ಎಷ್ಟು ಹೇಳಿಬಿಡು," ಎಂದಳು ಮೇಡಂ. ಹಳೆಯ ಸಲುಗೆ, ಏಕವಚನ ಬಾಯಿಂದ ಜಾರಿತು.

"ತಪ್ಪು ಅಳೆಯೋ ಮಷೀನ್ ನಮ್ಮಲ್ಲಿಲ್ಲ ಮೇಡಂ. ಎಲ್ಲಾ ಸರಿಯಾಗಿ ಮಾಡಿದವ್ರಿಗೂ ಒಡೆಯುತ್ತೆ. ಇನ್ಮುಂದೆ ಬಿಪಿ ಏರದ ಹಾಗೆ ನೋಡ್ಕೊಳ್ಳಿ. ಗಾಬರಿ, ಚಿಂತೆ ಬೇಡ. ಒಮ್ಮೆ ಒಡೆದಿದ್ದು ಇನ್ನೊಮ್ಮೆ ಒಡೆಯಬಹುದು."

ಕೊನೆಯ ಮಾತು ಹೇಳುವಾಗ ಡಾಕ್ಟರು ಗಂಡನ ಮುಖ ನೋಡಿದರು. ಆ ಮಾತು ಆತನ ಎದೆಯೊಳಗೆ ಮೊಳೆಯಂತೆ ಇಳಿಯಿತು. ರಕ್ತ ತೆಳುವಾಗಿಸುವ ಆ ಮಾತ್ರೆಯನ್ನು ದಿನಾ ಅಂಗೈಯಲ್ಲಿಟ್ಟು ಕೊಟ್ಟವನು ತಾನೇ ಅಲ್ಲವೆ? ಮುಂದಿನ ದಿನಗಳಲ್ಲಿ ಆತ ಯಾರಿಗೂ ತಿಳಿಸದೆ ರಕ್ತದ ಮಾತ್ರೆಯನ್ನು ಕೊಡುವುದನ್ನೇ ಬಿಟ್ಟ. ಡಾಕ್ಟರಿಗೆ ಗೊತ್ತಾದಾಗ ಸರಿಯಾಗಿ ಬೈಸಿಕೊಂಡ. ಕಣ್ಣು ಉಳಿಸಲು ಹೋಗಿ ಕಾಲಿನ ಹೆಪ್ಪು ಎದೆಗೆ ಏರಿದರೆ ಯಾರು ಹೊಣೆ, ಅದನ್ನು ನಿಲ್ಲಿಸುವುದೋ ಬದಲಿಸುವುದೋ ಇಬ್ಬರು ಡಾಕ್ಟರು ಕೂತು ಮಾತಾಡಿ ತೀರ್ಮಾನಿಸುವ ವಿಷಯ, ನೀವಲ್ಲ ಎಂದರು. ಆತ ತಲೆ ತಗ್ಗಿಸಿ ಹೂಂಗುಟ್ಟಿದ. ಮರುದಿನದಿಂದ ಮತ್ತೆ ಅಂಗೈಯಲ್ಲಿಟ್ಟು ಕೊಟ್ಟ, ಆದರೆ ಕೊಡುವ ಮೊದಲು ಮಾತ್ರೆಯ ಹೆಸರನ್ನು ಎರಡೆರಡು ಸಲ ಓದುತ್ತಿದ್ದ.

ಕಣ್ಣಿನೊಳಗೆ ಹೆಪ್ಪು ಕರಗಿಸುವ ಔಷಧಿಯನ್ನೂ ಒಂದು ಗಾಳಿಯ ಗುಳ್ಳೆಯನ್ನೂ ಬಿಟ್ಟಿದ್ದರು. ಗುಳ್ಳೆ ಮೇಲಕ್ಕೆ ಒತ್ತಿ ರಕ್ತವನ್ನು ನಡುವಿನಿಂದ ಸರಿಸಬೇಕಾದರೆ ಮುಖ ನೆಲಕ್ಕಿರಬೇಕು. ಊಟ, ಮಾತು, ನಿದ್ದೆ ಎಲ್ಲ ಮುಖ ಕೆಳಗೆ ಮಾಡಿಕೊಂಡೇ. ಗಂಡ ಫೋಮನ್ನು ಕುದುರೆ ಲಾಳದ ಆಕಾರಕ್ಕೆ ಕತ್ತರಿಸಿ, ಮೆತ್ತನೆ ಬಟ್ಟೆ ಹೊದಿಸಿ, ಮುಖ ಇಡಲು ಒಂದು ದಿಂಬು ಹೊಲಿದ. ಮೂಗಿಗೆ ಒತ್ತಿದರೆ ಬಿಚ್ಚಿ ಮತ್ತೆ ಹೊಲಿದ. ಆಕೆಯ ಲೋಕ ಈಗ ನೆಲದ ಒಂದು ಚೌಕ ಅಷ್ಟೆ. ಅದರೊಳಗೆ ಗಂಡನ ಪಾದಗಳು ಬರುತ್ತಿದ್ದವು, ಹೋಗುತ್ತಿದ್ದವು. ಇಷ್ಟು ವರ್ಷ ಸಂಸಾರ ಮಾಡಿಯೂ ಆತನ ಹೆಬ್ಬೆರಳಿನ ಉಗುರು ಒಡೆದಿದ್ದು ಗೊತ್ತೇ ಇರಲಿಲ್ಲ ಎಂದು ನಕ್ಕಳು. ಅದೂ ಕಪ್ಪು ಕಲೆಯ ಪಕ್ಕಕ್ಕೆ ಕಣ್ಣು ಸರಿಸಿ ನೋಟದ ಅಂಚಿನಲ್ಲಿ ಅಂದಾಜಾಗಿ ಕಂಡಿದ್ದು.

ಮಗು ಬಂದದ್ದು ಆಗ.

ಒಂದು ಮಧ್ಯಾಹ್ನ, ಮುಂದಿನ ಕೋಣೆಯಲ್ಲಿ ಸುತ್ತಿಗೆಯ ಸದ್ದು ಕೇಳುತ್ತಿರುವಾಗಲೇ, ನೆಲದ ಚೌಕದ ಕಪ್ಪಿನೊಳಗೆ ಒಂದು ಮಗು ಕುಳಿತಿತ್ತು. ಹಳದಿ ಅಂಗಿ. ಅಂಗಿಯ ನೆರಿಗೆ ನೆರಿಗೆಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಬಾಗಿಲ ಚೌಕಟ್ಟೂ ಸರಿಯಾಗಿ ಕಾಣದ ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಕಂಡದ್ದು ಅದೊಂದೇ. ಮಗು ಮುಖ ಎತ್ತಲಿಲ್ಲ. ರೆಪ್ಪೆ ಮುಚ್ಚಿದಾಗ ಹೋಯಿತು, ತೆರೆದಾಗ ಇತ್ತು. ಸುತ್ತಿಗೆಯ ಸದ್ದು ನಿಂತು ಗಂಡನ ಪಾದಗಳು ಬಂದವು, ಮಗುವಿನ ಮೈಮೇಲೇ ಹಾದು ಬಂದವು. ಆಕೆ ಚೀರಲು ಬಾಯಿ ತೆರೆದು ಹಾಗೇ ಮುಚ್ಚಿದಳು.

ಆಮೇಲೆ ದಿನವೂ ಬಂತು. ಮುಖ ಎತ್ತಿ ಓಡಾಡುವಂತಾದ ಮೇಲೂ ಬಂತು. ಬಟ್ಟೆ ಒಣಹಾಕುವಾಗ ಹಗ್ಗದ ಕೆಳಗೆ, ಅಡುಗೆಮನೆಯಲ್ಲಿ ಸಿಂಕಿನ ಪಕ್ಕ, ಗಂಡ ಹೊಟ್ಟೆ ಬಿಚ್ಚಿಟ್ಟ ಸೋಫಾದ ಒಳಗೆ. ಅದು ಅಳುತ್ತಿದ್ದರೆ, ಬೆರಳು ತೋರಿಸಿದ್ದರೆ ಸಮಾಧಾನವಿರುತ್ತಿತ್ತೇನೋ. ಅದು ಸುಮ್ಮನೆ ಇರುತ್ತಿತ್ತು, ನೆಂಟರ ಮನೆಯಲ್ಲಿ ಬಿಟ್ಟುಹೋದ ಮಗುವಿನ ಹಾಗೆ, ಯಾರಾದರೂ ಬಂದು ಕರೆದೊಯ್ಯಲಿ ಎಂದು.

ಮುಂದಿನ ಇಂಜೆಕ್ಷನ್ನಿಗೆ ಹೋದಾಗ ಡಾಕ್ಟರನ್ನು ಸುತ್ತುಬಳಸಿ ಕೇಳಿದಳು, ಹೀಗೆ ಕಣ್ಣು ಹೋದವರಿಗೆ ಇಲ್ಲದ್ದೇನಾದರೂ ಕಾಣುವುದುಂಟೇ ಎಂದು. ಉಂಟು ಎಂದರು ಡಾಕ್ಟರು. ಬಹಳ ಜನಕ್ಕೆ ಕಾಣುತ್ತದೆ, ಹುಚ್ಚು ಅಂದುಕೊಳ್ಳುತ್ತಾರೆಂದು ಹೆದರಿ ಹೇಳುವುದಿಲ್ಲ. ಕಣ್ಣಿನಿಂದ ಚಿತ್ರ ಬರುವುದು ನಿಂತಾಗ ಮಿದುಳು ತಾನೇ ಚಿತ್ರ ಬರೆದು ಆ ಜಾಗ ತುಂಬುತ್ತದೆ. ದೆವ್ವವೂ ಅಲ್ಲ, ಬುದ್ಧಿ ಕೆಟ್ಟದ್ದೂ ಅಲ್ಲ.

"ಆ ಚಿತ್ರ ಎಲ್ಲಿಂದ ತರತ್ತೆ? ನೋಡಿದ್ದನ್ನೇ ತರತ್ತಾ?"

"ಸಾಮಾನ್ಯವಾಗಿ ಗುರುತು ಪರಿಚಯ ಇಲ್ಲದ ಮುಖಗಳೇ ಬರೋದು. ಯಾಕೆ ಮೇಡಂ, ಯಾರು ಕಾಣ್ತಾರೆ?"

ಆಕೆ ಯಾರೂ ಇಲ್ಲ ಎಂದಳು. ಗುರುತು ಪರಿಚಯ ಇಲ್ಲದ ಮಗು. ಕಾರಿನ ಕೆಳಗೆ ಸಿಕ್ಕಿದ ಮಗುವಿನ ಗುರುತು ಯಾರಿಗೆ ತಾನೇ ಇರುತ್ತದೆ?

ಮನೆಗೆ ಬಂದ ಮೇಲೆ ದಿನಾ ಪೇಪರ್ ಓದಿ ಹೇಳಿ ಎಂದು ಗಂಡನಿಗೆ ಹೇಳಿದಳು. ರಾಜಕೀಯ ಬೇಡ, ಆಟ ಬೇಡ, ಊರಿನ ಸುದ್ದಿ ಓದಿ. ಅಪಘಾತಗಳನ್ನು ಓದಿ. ಹಳೆಯ ಪೇಪರ್ ಕಟ್ಟನ್ನೂ ಬಿಚ್ಚಿಸಿ ಓದಿಸಿದಳು. ಆ ದಿನದ, ಅದರ ಮರುದಿನದ ಹಾಳೆಗಳನ್ನು ಮತ್ತೊಮ್ಮೆ ಓದಿ ಎಂದಾಗ ಆತ ಪೇಪರ್ ಮಡಚಿ ತೊಡೆಯ ಮೇಲಿಟ್ಟುಕೊಂಡ.

"ಏನಾಗಿದೆ ಹೇಳೇ."

ಆಗ ಹೇಳಿದಳು. ಹಳದಿ, ಸದ್ದು, ಕಾರಿನ ಕೆಳಗೆ ಬಗ್ಗಿ ನೋಡಿದ್ದು, ಈಗ ಮನೆ ತುಂಬ ಓಡಾಡುವ ಮಗು. ಹೇಳುತ್ತ ಹೇಳುತ್ತ ಕೊರಳಿನ ನರ ಉಬ್ಬಿತು. ಆತ ಎದ್ದು ಬಿಪಿ ನೋಡುವ ಪಟ್ಟಿ ತಂದು ತೋಳಿಗೆ ಸುತ್ತಿದ. ಮಷೀನು ತೋರಿಸಿದ ಅಂಕಿ ನೋಡಿ ಬಾಯಿಬಿಡದೆ ನೀರು ಕೊಟ್ಟ, ಕಾರು ನೋಡಿ ಬರುತ್ತೇನೆಂದು ಹೊರಗೆ ಹೋದ. ಬಂದು, ಕಾರಿನಲ್ಲಿ ತಗ್ಗು ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ, ನಿನ್ನ ಶಿಷ್ಯರು ಗುದ್ದದ ಜಾಗ ಎಲ್ಲಿ ಉಳಿದಿದೆ ಎಂದ. ನಗಿಸಲು ಹೇಳಿದ್ದು. ಆಕೆ ನಗಲಿಲ್ಲ.

ಮರುದಿನ ಆತ ಗೋಡೌನುಗಳ ಬೀದಿಗೆ ಹೋದ. ಬಹಳ ಹೊತ್ತು ಬಿಟ್ಟು ಬಂದು ಆಕೆಯ ಎದುರು ಸ್ಟೂಲು ಎಳೆದು ಕುಳಿತು ಹೇಳಿದ, ವಿಚಾರಿಸಿದೆ, ನಾಯಿಯಂತೆ. ಬೀದಿನಾಯಿ. ತಗುಲಿತಂತೆ, ಕುಂಟಿಕೊಂಡು ಓಡಿಹೋಯಿತಂತೆ, ಈಗ ಚೆನ್ನಾಗಿದೆಯಂತೆ. ಮಗು ಗಿಗು ಏನೂ ಇಲ್ಲ.

"ಯಾವ ಬಣ್ಣದ ನಾಯಿ?"

"ಕಂದು. ಹಳದಿ ಥರಾನೇ ಕಾಣತ್ತೆ ಅಂತಿಟ್ಕೋ."

ಆ ರಾತ್ರಿ ಎಷ್ಟೋ ದಿನಗಳ ನಂತರ ನೆಮ್ಮದಿಯಾಗಿ ನಿದ್ದೆ ಮಾಡಿದಳು. ಆದರೆ ವಾರ ಕಳೆದು ಊಟಕ್ಕೆ ಕೂತಾಗ ಯಾವುದೋ ಮಾತಿಗೆ ಆತ, ಪಾಪ ಆ ಬಿಳಿ ನಾಯಿ ಎಂದುಬಿಟ್ಟ. ಎಂದವನೇ ನಾಲಿಗೆ ಕಚ್ಚಿಕೊಂಡ. ಆಕೆ ಕೇಳಿಸದವಳಂತೆ ತಟ್ಟೆ ತೊಳೆಯಲು ಎದ್ದಳು. ಸಿಂಕಿನ ಪಕ್ಕದಲ್ಲಿ ಮಗು ನಿಂತಿತ್ತು.

ಎರಡು ತಿಂಗಳಾದ ಮೇಲೆ ರಕ್ತ ಅಷ್ಟಿಷ್ಟು ಸರಿದು ಕಪ್ಪು ಕಲೆ ಬೂದುಬಣ್ಣಕ್ಕೆ ತಿರುಗಿತು. ಅಂಚುಗಳಲ್ಲಿ ದಾರಿ ಕಾಣುತ್ತಿತ್ತು, ನೇರ ನೋಡಿದ್ದು ಮಾತ್ರ ಕಾಣುತ್ತಿರಲಿಲ್ಲ. ಗಂಡ ಒಂದು ಸೋಫಾ ತಲುಪಿಸಲು ಟೆಂಪೊ ಹತ್ತಿ ಹೋಗಿದ್ದ ದಿನ ಆಕೆ ಮನೆಗೆ ಬೀಗ ಹಾಕಿ, ಗೋಡೆ ಹಿಡಿದುಕೊಂಡೇ, ತಾನು ಸಾವಿರ ಸಲ ಕಾರಿನಲ್ಲಿ ಹಾದುಹೋದ ಬೀದಿಗೆ ನಡೆದುಕೊಂಡು ಹೋದಳು.

ತೆರೆದಿದ್ದ ಬಾಗಿಲು ಅದೊಂದೇ. ಲಾಂಡ್ರಿ ಅಂಗಡಿ. ಇಸ್ತ್ರಿಯ ಬಿಸಿ, ಒದ್ದೆ ಬಟ್ಟೆಯ ವಾಸನೆ ಹೊರಗಿನವರೆಗೆ ಬರುತ್ತಿತ್ತು. ಒಳಗೆ ಯಾರೋ ಇದ್ದಾರೆಂದು ಉಸಿರಿನಿಂದ ತಿಳಿಯಿತು. ಮೆಟ್ಟಿಲು ಹತ್ತಿ ಆಸರೆಗೆಂದು ಇಸ್ತ್ರಿ ಟೇಬಲ್ಲಿನ ಅಂಚು ಹಿಡಿದಳು. ಟೇಬಲ್ಲಿಗೆ ಹೊಸ ಮೆತ್ತೆ ಹೊದಿಸಿತ್ತು. ಅಂಚಿನ ಕೆಳಗೆ ಬೆರಳಿಗೆ ಮೊಳೆಗಳ ಸಾಲು ಸಿಕ್ಕಿತು. ಎರಡು ಹತ್ತಿರ, ಒಂದು ದೂರ, ಮತ್ತೆ ಎರಡು ಹತ್ತಿರ. ಈ ಊರಿನಲ್ಲಿ ಹಾಗೆ ಮೊಳೆ ಬಡಿಯುವವನು ಒಬ್ಬನೇ.

"ಇದನ್ನ ಯಾರು ಮಾಡಿಕೊಟ್ಟಿದ್ದು?" ಎಂದಳು.

"ನಿಮ್ಮ ಯಜಮಾನ್ರು," ಎಂದಿತು ಒಂದು ಹೆಂಗಸಿನ ದನಿ. "ನೀವು ಬಂದೇ ಬರ್ತೀರಿ ಅಂತ ನಂಗೊತ್ತಿತ್ತು. ಆ ಎಲ್ ಬೋರ್ಡ್ ಕಾರಿನವರು ತಾನೆ?"

ಹೌದೆಂದಳು. ಆ ದಿನ ಇಲ್ಲಿ ಒಂದು ಮಗು ಇತ್ತೇ ಎಂದು ಕೇಳಿದಳು.

ಮಗು ಯಾವುದೂ ಇಲ್ಲ ಎಂದಳು ಲಾಂಡ್ರಿಯಾಕೆ. ಈ ಬೀದಿಯಲ್ಲಿ ಮಕ್ಕಳೇ ಇಲ್ಲ. ಇದ್ದದ್ದು ತಾನು. ಒಗೆಯುವ ಬಟ್ಟೆಯ ಗಂಟನ್ನು ಸೊಂಟದ ಮೇಲೆ ಹೊತ್ತು ರಸ್ತೆ ದಾಟಲು ಅಂಚಿನಲ್ಲಿ ನಿಂತಿದ್ದೆ, ಗಂಟಿಗೆ ಕಟ್ಟಿದ್ದು ಹಳದಿ ಬೆಡ್‌ಶೀಟು. ಕಾರಿನ ಕನ್ನಡಿ ಗಂಟಿಗೆ ಬಡಿಯಿತು, ಗಂಟು ಹಾರಿ ಮೆಟ್ಟಿಲ ಹಿಂದೆ ಬಿತ್ತು, ತಾನು ಕೈಯೂರಿ ಬಿದ್ದೆ, ಮಣಿಕಟ್ಟಿನ ಮೂಳೆ ಮುರಿಯಿತು. ಹೇಗೋ ತೆವಳಿ ಈ ಬಾಗಿಲಲ್ಲಿ ಕುಳಿತೆ. ನೋವಿಗೆ ದನಿಯೇ ಹೊರಡಲಿಲ್ಲ.

"ನೀವು ಇಳಿದು ಬಂದ್ರಿ. ಸದ್ಯ, ಬಂದ್ರಲ್ಲ ಅಂದ್ಕೊಂಡೆ. ಇಗೋ ಇಷ್ಟು ದೂರದಲ್ಲಿ ನಿಂತು ನನ್ನ ಮುಖಾನೇ ನೋಡಿದ್ರಿ. ಕೈ ಹಿಡ್ಕೊಂಡು ಕೂತಿದ್ದೀನಿ, ಕಣ್ಣಲ್ಲಿ ನೀರು ಬರ್ತಿದೆ. ನೋಡಿ, ಆಮೇಲೆ ತಿರುಗಿ, ನಿಮ್ಮ ಕಾರಿನ ಕೆಳಗೆ ಬಗ್ಗಿ ನೋಡ್ಕೊಂಡು ಹೊರಟೋದ್ರಿ."

ಇಸ್ತ್ರಿ ಪೆಟ್ಟಿಗೆಯನ್ನು ಅದರ ಸ್ಟ್ಯಾಂಡಿನ ಮೇಲೆ ಇಟ್ಟ ಸದ್ದಾಯಿತು.

"ಕೈ ಕೂಡ್ಕೊಳ್ತು, ಬಿಡಿ. ಯಜಮಾನ್ರು ಆಸ್ಪತ್ರೆಗೆ ಜೊತೇಲಿ ಓಡಾಡಿದ್ರು. ಆದ್ರೆ ಆ ನೋಟ ಮಾತ್ರ ಹೋಗಿಲ್ಲ. ಎಷ್ಟೋ ದಿನ ಕನ್ನಡಿ ನೋಡ್ಕೊಳ್ಳೋಕೂ ಒಂಥರಾ ಆಗ್ತಿತ್ತು. ನಾನು ಅಲ್ಲಿ ಇಲ್ವೇ ಇಲ್ಲ ಅನ್ನೋ ಹಾಗೆ ನೋಡಿದ್ರಲ್ಲ. ನಿಮ್ಮ ಕಣ್ಣಲ್ಲಿ ರಕ್ತ ಒಡೆದಿತ್ತು ಅಂತ ಅವ್ರು ಹೇಳಿದ್ರು. ಗಂಡಂದಿರು ಹೆಂಡ್ತಿ ಪರವಾಗಿ ಏನು ಬೇಕಾದ್ರೂ ಹೇಳ್ತಾರೆ ಅಂದ್ಕೊಂಡೆ."

ಮೇಡಂ ದನಿ ಬಂದ ಕಡೆಗೆ ನೇರವಾಗಿ ತಿರುಗಿದಳು. ಸೀರೆಯ ಅಂಚಿತ್ತು, ಭುಜ ಇತ್ತು, ಅದರ ಮೇಲೆ ಆ ಬೂದು ಕಲೆ. ಮೆಲ್ಲಗೆ ಕಣ್ಣನ್ನು ಪಕ್ಕದ ಗೋಡೆಗೆ, ಅಲ್ಲಿ ತೂಗುಹಾಕಿದ್ದ ಅಂಗಿಗಳ ಕಡೆಗೆ ಹೊರಳಿಸಿದಳು. ಆಗ ನೋಟದ ಅಂಚಿನಲ್ಲಿ ಒಂದು ದುಂಡು ಮುಖ, ನರೆತ ಕೂದಲು, ಬೆವರಿದ ಹಣೆ ಮಸುಕಾಗಿ ತೇಲಿ ಬಂತು.

"ಏನು ಅಂಗಿ ನೋಡ್ತಿದ್ದೀರಿ?"

"ನಿಮ್ಮನ್ನೇ ನೋಡ್ತಿದ್ದೀನಿ. ನಿಮ್ಮ ಮುಖ ಕಾಣಬೇಕು ಅಂದ್ರೆ ನಾನು ಗೋಡೆ ನೋಡ್ಬೇಕು."

ಲಾಂಡ್ರಿಯಾಕೆ ಬಳಿ ಬಂದು, ಪರೀಕ್ಷಿಸುವವಳಂತೆ, ಆಕೆಯ ಮುಖದ ಎದುರಿಗೆ ತನ್ನ ಕೈ ಹಿಡಿದಳು. ಗುಣವಾದ ಕೈ, ಮಣಿಕಟ್ಟು ಇನ್ನೂ ಸ್ವಲ್ಪ ಸೊಟ್ಟ. ಅದು ಬೂದು ಕಲೆಯೊಳಗೆ ಹೋಗಿ ಕಾಣದಾಯಿತು. ಮೇಡಂ ಅಂದಾಜಿನಿಂದ ತಡವಿ ಆ ಕೈ ಹಿಡಿದುಕೊಂಡಳು. ಕ್ಷಮಿಸಿ ಎಂಬ ಮಾತು ದೊಡ್ಡದಾಗಿ ಹೊರಬರಬೇಕಿತ್ತು, ಅರ್ಧ ಬಂತು. ಲಾಂಡ್ರಿಯಾಕೆ ಸ್ಟೂಲು ಕೊಟ್ಟು ಕೂರಿಸಿದಳು, ಫ್ಲಾಸ್ಕಿನ ಟೀ ಬಗ್ಗಿಸಿ ಕೊಟ್ಟಳು. ಹೊರಡುವಾಗ ಬೀದಿಯ ತುದಿಯವರೆಗೆ ಕೈಹಿಡಿದು ಬಂದು ಬಿಟ್ಟಳು.

ಗಂಟು ಕಂಡಿತ್ತು, ಹೊತ್ತವಳು ಕಂಡಿರಲಿಲ್ಲ. ಮನೆಯವರೆಗೂ ಆಕೆಯ ತಲೆಯಲ್ಲಿ ಓಡಿದ್ದು ಇದೊಂದೇ. ಇಲ್ಲದ ಮಗುವಿಗೆ ಮನೆಯಲ್ಲಿ ಜಾಗ ಕೊಟ್ಟು, ಮೂಳೆ ಮುರಿದುಕೊಂಡು ಎದುರಿಗೇ ಕೂತಿದ್ದವಳನ್ನು ಬೀದಿಯಲ್ಲೇ ಬಿಟ್ಟು ಬಂದಿದ್ದಳು.

ಗಂಡ ಅಷ್ಟರಲ್ಲಿ ಬಂದು, ಬೀಗ ಹಾಕಿದ ಬಾಗಿಲೆದುರು ನಿಂತಿದ್ದ.

"ರೀ, ಆ ನಾಯಿ ಕಂದೋ ಬಿಳಿಯೋ?" ಎಂದಳು.

ಆತ ತುಟಿಯಲ್ಲಿ ಮೊಳೆ ಇಲ್ಲದಿದ್ದರೂ ಇದ್ದವನ ಹಾಗೆ ಬಾಯಿ ಬಿಗಿದುಕೊಂಡ. ಆಮೇಲೆ ಮೆಟ್ಟಿಲ ಮೇಲೇ ಕುಳಿತುಬಿಟ್ಟ.

"ನಿಂಗೆ ಗಾಬರಿ ಆಗ್ಬಾರ್ದು ಅಂದಿದ್ರಲ್ಲ ಡಾಕ್ಟರು. ಬಿಪಿ ಏರಿದ್ರೆ ಇನ್ನೊಂದ್ಸಲ ಒಡೆಯತ್ತೆ ಅಂದ್ರಲ್ಲ. ಆವತ್ತು ಮಗು ವಿಷಯ ಹೇಳ್ವಾಗ ಮಷೀನ್‌ನಲ್ಲಿ ಎಷ್ಟು ತೋರಿಸ್ತು ಗೊತ್ತಾ ನಿಂಗೆ? ಕೈ ಮುರಿದಿದೆ ಅಂತ ನಾನು ಹೇಗೆ ಹೇಳ್ಲಿ?" ತನ್ನ ಅಂಗೈ ನೋಡಿಕೊಂಡು ಅಂದ, "ಮಾತ್ರೆ ಕೊಟ್ಟ ಕೈ ನಂದು. ಇನ್ನೊಂದು ಕೆಟ್ಟದ್ದು ನನ್ನ ಬಾಯಿಂದ ಬರೋದು ಬೇಡ ಅನ್ನಿಸ್ತು."

ಆಕೆ ಪಕ್ಕದಲ್ಲಿ ಕುಳಿತಳು. ತೋಳು ಮುಂದೆ ಚಾಚಿ, ಪಟ್ಟಿ ತನ್ನಿ, ಈಗ ನೋಡಿ ಎಂದಳು. ಆತ ತಂದು ಸುತ್ತಿದ. ಅಂಕಿ ಏರಿತ್ತು, ಹೆದರಿದಷ್ಟು ಏರಿರಲಿಲ್ಲ.

ಕಾರು ಮಾರಿದರು. ಸ್ಕೂಲನ್ನು ಹಳೆಯ ಶಿಷ್ಯನೊಬ್ಬ ವಹಿಸಿಕೊಂಡ. ತಿಂಗಳು ತಪ್ಪದೆ ಇಂಜೆಕ್ಷನ್ ನಡೆಯಿತು, ಮಂಡಿಯ ಮಾತ್ರೆ ಕಸದ ಡಬ್ಬಿ ಸೇರಿತು, ಕಾಲಿನ ಡಾಕ್ಟರೂ ಕಣ್ಣಿನ ಡಾಕ್ಟರೂ ಫೋನಿನಲ್ಲಿ ಮಾತಾಡಿಕೊಂಡು ರಕ್ತದ ಮಾತ್ರೆಯನ್ನು ಬೇರೊಂದಕ್ಕೆ ಬದಲಿಸಿದರು. ದೊಡ್ಡ ಅಕ್ಷರ ಓದುವಷ್ಟು ಕಣ್ಣು ಮರಳಿತು. ನಡುವಿನ ಬೂದು ಕಲೆ ಮಾತ್ರ ಅಲ್ಲೇ ಉಳಿಯಿತು. ಅದು ಉಳಿಯುವುದೇ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಲಾಂಡ್ರಿಯಾಕೆ ಒಮ್ಮೊಮ್ಮೆ ಇಸ್ತ್ರಿ ಮಾಡಿದ ಬಟ್ಟೆ ಕೊಡುವ ನೆಪದಲ್ಲಿ ಬಂದು ಕೂತು ಹೋಗುತ್ತಿದ್ದಳು. ಬಂದಾಗಲೆಲ್ಲ ಬಾಗಿಲಿನಿಂದಲೇ, ನಾನು ಬಂದಿದ್ದೀನಿ, ಇಲ್ಲಿದ್ದೀನಿ ಎಂದು ಕೂಗಿ ಹೇಳಿಯೇ ಒಳಗೆ ಕಾಲಿಡುತ್ತಿದ್ದಳು.

ಮಗು ಬರುವುದು ಕಡಿಮೆಯಾಯಿತು. ವಾರಕ್ಕೊಮ್ಮೆ, ಆಮೇಲೆ ಯಾವಾಗಲೋ ಒಮ್ಮೆ, ಆಮೇಲೆ ಇಲ್ಲ. ಡಾಕ್ಟರಿಗೆ ಖುಷಿಯಾಯಿತು, ಗಂಡನಿಗೂ. ಆಕೆ ಹೂಂ ಎಂದಳು. ಕಾಣುವುದಕ್ಕೆ ಆಕೆ ಈಗ ಹೆದರುತ್ತಿರಲಿಲ್ಲ. ಖಾಲಿ ಕಾಣುವ ಜಾಗಗಳೇ ಕಷ್ಟವಾಗಿದ್ದವು. ಖಾಲಿ ಕುರ್ಚಿ, ಖಾಲಿ ಮೆಟ್ಟಿಲು, ಆಸ್ಪತ್ರೆಯ ಉದ್ದನೆಯ ಖಾಲಿ ಪಡಸಾಲೆ. ಎಲ್ಲಿ ಯಾರೂ ಇಲ್ಲವೋ ಅಲ್ಲೆಲ್ಲ ಯಾರೋ ಕೈ ಹಿಡಿದುಕೊಂಡು ಕೂತು ತನ್ನ ಮುಖವನ್ನೇ ನೋಡುತ್ತಿರಬಹುದು.

ಈಗ ಯಾವ ಕೋಣೆಗೆ ಹೋಗುವಾಗಲೂ ಹೊಸ್ತಿಲಲ್ಲಿ ನಿಂತು, ಕತ್ತು ಆಕಡೆ ಈಕಡೆ ತಿರುಗಿಸಿ, "ಯಾರಿದ್ದೀರಿ?" ಎಂದು ಕೇಳುತ್ತಾಳೆ. ಗಂಡ ಅಲ್ಲೇ ಮೂಲೆಯಲ್ಲಿ ಫೋಮು ಕತ್ತರಿಸುತ್ತಿದ್ದರೆ ನಾನಿದ್ದೀನಿ ಕಣೇ ಎನ್ನುತ್ತಾನೆ. ಕೆಲವು ಸಲ ಉತ್ತರ ಬರುವುದಿಲ್ಲ. ಆಗಲೂ ಆಕೆ ತಕ್ಷಣ ಒಳಗೆ ಹೋಗುವುದಿಲ್ಲ. ಸ್ವಲ್ಪ ಹೊತ್ತು ಕಾಯುತ್ತಾಳೆ. ಆಮೇಲೆ ನಡುವಿನ ಜಾಗ ಬಿಟ್ಟು, ಗೋಡೆಗೆ ಆತುಕೊಂಡು, ಎದುರಿನಿಂದ ಬರುವವರಿಗೆ ದಾರಿ ಕೊಟ್ಟ ಹಾಗೆ ನಡೆದು ಹೋಗುತ್ತಾಳೆ.